ನಮ್ಮ ಕಚೇರಿಯ ಕಸ ಹೊಡೆಯೋರು ಯಾರು?



ಪೋಸ್ಟ್ ಸ್ವಲ್ಪ ಉದ್ದ ಇದೆ. ಸಂಘಟನೆಯಲ್ಲಿ ಇರೋರು, ಅದರಲ್ಲೂ ತಾಲೂಕು ಮತ್ತು ಗ್ರಾಮ ಘಟಕಗಳ ಪದಾಧಿಕಾರಿಗಳು ದಯವಿಟ್ಟು ಪೂರ್ತಿ ಓದಿ. ಸಿಟ್ಟು ಬಂದರೆ ಕಾಮೆಂಟಿನಲ್ಲಿ ಬೈಯಿರಿ, ಆದರೆ ಓದಿದ ಮೇಲೆ ಬೈಯಿರಿ.

ಒಂದು ಪ್ರಶ್ನೆ. ನಿಮ್ಮ ಸಂಘಟನೆಯ ಕಚೇರಿಯನ್ನ, ಇಲ್ಲಾ ನೀವು ಸಭೆ ಸೇರುವ ಅಂಬೇಡ್ಕರ್ ಭವನವನ್ನ ಹೋದ ವಾರ ಕಸ ಹೊಡೆದು ಒರೆಸಿದವರು ಯಾರು? ಸಂಡಾಸ ತೊಳೆದವರು ಯಾರು? ಹೋದ ವಾರದ ಸಭೆಯಲ್ಲಿ ಭಾಷಣ ಮಾಡಿದವರ ಹೆಸರು ನಿಮಗೆ ನೆನಪಿದೆ. ಅಧ್ಯಕ್ಷತೆ ವಹಿಸಿದವರ ಹೆಸರು, ವಂದನಾರ್ಪಣೆ ಮಾಡಿದವರ ಹೆಸರು ನಡಾವಳಿ ಪುಸ್ತಕದಲ್ಲಿ ಬರೆದಿದೆ. ಕಸಬರಿಗೆ ಹಿಡಿದವರ ಹೆಸರು ಎಲ್ಲಿದೆ?

ನಾನು ಕೇಳಿದ ಕಡೆಯೆಲ್ಲ ಬರುವ ಉತ್ತರ ಒಂದೇ. "ಯಾರರ ಹೊಡೀತಾರ ಬಿಡ್ರಿ." ಆ 'ಯಾರರ' ಯಾರು ಅಂತ ಹುಡುಕಿಕೊಂಡು ಹೋದರೆ ಮೂರೇ ಜನ ಸಿಗ್ತಾರೆ. ಒಂದು, ಸಭೆಗೆ ಅರ್ಧ ತಾಸು ಮೊದಲೇ ಬರುವ ನಮ್ಮ ಅಕ್ಕಂದಿರು. ಎರಡು, ಸಂಘಟನೆಗೆ ಹೊಸದಾಗಿ ಸೇರಿದ, ಇನ್ನೂ ಎದುರು ಮಾತಾಡೋಕೆ ಬರದ ಹುಡುಗ. ಮೂರು, ದೊಡ್ಡ ಕಾರ್ಯಕ್ರಮ ಇದ್ದರೆ ಕೈಗೆ ಇನ್ನೂರು ರೂಪಾಯಿ ಕೊಟ್ಟು ಕರೆಸುವ ಪೌರಕಾರ್ಮಿಕ ಅಕ್ಕ. ಆ ಅಕ್ಕನ ಜಾತಿ ಯಾವುದು ಅಂತ ನಾವು ಬಾಯಿ ಬಿಟ್ಟು ಹೇಳಲ್ಲ. ಆದರೆ ಕರೆಯುವಾಗ ಯಾವ ಓಣಿಗೆ ಹೋಗಿ ಕರೀಬೇಕು ಅಂತ ಎಲ್ಲರಿಗೂ ಗೊತ್ತಿರ್ತದೆ.

ಜಾತಿ ವಿನಾಶದ ಬಗ್ಗೆ ಮಾತಾಡುವ ಸಂಘಟನೆಯೊಳಗೆ ಕೆಲಸ ಹಂಚಿಕೆ ಹೀಗಿದೆ ಅನ್ನೋದು ಮೊದಲನೇ ಮಾತು. ಎರಡನೇ ಮಾತು ಇದಕ್ಕಿಂತ ಗಂಭೀರ. ಕಸ ಹೊಡೆಯೋರಿಗೆ ಕಾಣುವ ಅಪಾಯ ಸಭೆಯಲ್ಲಿ ಕೂತವರಿಗೆ ಕಾಣೋದಿಲ್ಲ. ಸುಟ್ಟ ಸ್ವಿಚ್ಚು, ಇಲಿ ಕಡಿದ ವೈರು, ಗೋಡೆಯ ಗೆದ್ದಲು, ಹಳೇ ಬ್ಯಾನರ್ ರಾಶಿಯ ಹಿಂದೆ ಸೇರಿಕೊಂಡ ಹಾವು, ತುಂಬಿ ಉಕ್ಕುತ್ತಿರುವ ಗುಂಡಿ, ಇವನ್ನ ಮೊದಲು ನೋಡೋರು ಅವರೇ. ಆದರೆ ಅವರನ್ನ ಸಭೆಯಲ್ಲಿ ಯಾರೂ ಮಾತಾಡಿಸೋದಿಲ್ಲ. ಅದಕ್ಕೇ ನಮ್ಮ ಕಚೇರಿಗಳು ಅಪಾಯದಲ್ಲಿವೆ.

ನಾನೇ ಕಂಡ ಒಂದು ಘಟನೆ ಹೇಳ್ತೀನಿ. ಊರು, ಹೆಸರು ಬೇಡ. ಜಯಂತಿ ತಯಾರಿ ನಡೆದಿತ್ತು. ಕೋಣೆಯಲ್ಲಿ ಒಂದೇ ಎಕ್ಸ್‌ಟೆನ್ಶನ್ ಬಾಕ್ಸು. ಅದಕ್ಕೆ ಫ್ಯಾನು, ಮೈಕಿನ ಆಂಪ್ಲಿಫೈಯರು, ಎರಡು ಮೊಬೈಲು, ಚಹಾ ಕಾಯಿಸುವ ಕೆಟಲ್ಲು. ಅಲ್ಲಿ ಕಸ ಹೊಡೆಯುವ ಅಕ್ಕ ಹದಿನೈದು ದಿನ ಮೊದಲೇ ಚಹಾ ತರುವ ಹುಡುಗನಿಗೆ ಹೇಳಿದ್ದರು, "ತಮ್ಮಾ, ಆ ಗ್ವಾಡಿ ಸ್ವಿಚ್ಚಿನ್ಯಾಗ ಕಿಡಿ ಬರಾಕತ್ತೈತಿ, ದೊಡ್ಡವರಿಗೆ ಹೇಳಪಾ" ಅಂತ. ಹುಡುಗ ಹೇಳಿದ. ಹೇಳಿಸಿಕೊಂಡವರು "ಹೂಂ" ಅಂದರು. ಜಯಂತಿಗೆ ಮೂರು ದಿನ ಇರುವಾಗ ಬಾಕ್ಸು ಕರಗಿ, ಪಕ್ಕದಲ್ಲಿದ್ದ ಬ್ಯಾನರ್ ಬಟ್ಟೆಯಿಂದ ಹೊಗೆ ಎದ್ದಿತು. ಅದೇ ಹುಡುಗ ಓಡಿ ಹೋಗಿ ಮೇನ್ ಆಫ್ ಮಾಡಿದ. ಯಾರಿಗೂ ಏನೂ ಆಗಲಿಲ್ಲ.

ಆದರೆ ಆ ಬ್ಯಾನರ್ ರಾಶಿಯಿಂದ ಎರಡು ಅಡಿ ದೂರದಲ್ಲಿ ಒಂದು ಕಟ್ಟಿಗೆ ಕಪಾಟು ಇತ್ತು. ಅದರೊಳಗೆ ಇದ್ದದ್ದು ಅರಣ್ಯ ಹಕ್ಕು ಅರ್ಜಿಗಳ ಫೈಲು. ಮುಂಡಗೋಡ, ಹಳಿಯಾಳ, ಜೋಯಿಡಾದ ಗೆಳೆಯರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸ ಇದ್ದರು ಅಂತ ತೋರಿಸಬೇಕು. ನಮ್ಮ ಜನ ಬಹಳಷ್ಟು ಈ ಲೆಕ್ಕಕ್ಕೇ ಬರ್ತಾರೆ. ಅಜ್ಜನ ಕಾಲದ ದಂಡದ ಪಾವತಿ, ಹಳೇ ಮತದಾರರ ಪಟ್ಟಿಯ ನಕಲು, ಹರಿದ ಪಹಣಿ, ಇವನ್ನ ಜನ ಮನೆಯಲ್ಲಿ ಇಟ್ಟರೆ ಮಳೆಗೆ ನೆನೀತದೆ ಅಂತ ನಂಬಿಕೆಯಿಂದ ಸಂಘಟನೆಯ ಕಪಾಟಿನಲ್ಲಿ ಇಟ್ಟಿರ್ತಾರೆ. ಆವತ್ತು ಬೆಂಕಿ ಹತ್ತಿದ್ದರೆ ಎಷ್ಟೋ ಮನೆಗಳ ದಾಖಲೆ ಒಂದು ತಾಸಿನಲ್ಲಿ ಬೂದಿ ಆಗ್ತಿತ್ತು.

ಈಗ ಸ್ವಲ್ಪ ಹೊರಗಡೆ ನೋಡೋಣ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸುವಾಗ ಅದು ವಿದ್ಯುತ್ ತಂತಿಗೆ ತಾಗಿ ಮೂವರು ಯುವಕರು ಸತ್ತರು. ಇದನ್ನ ಸಿನಿಮಾ ಅಭಿಮಾನಿಗಳ ಸುದ್ದಿ ಅಂತ ಓದಿ ಬಿಡಬೇಡಿ. ಏಪ್ರಿಲ್ 13ರ ರಾತ್ರಿ ನಮ್ಮ ಹುಡುಗರು ಮಾಡೋದು ಇದೇ ಕೆಲಸ. ಕಬ್ಬಿಣದ ಫ್ರೇಮು, ಇಪ್ಪತ್ತು ಅಡಿ ಬ್ಯಾನರು, ಮೇಲೆ ತಂತಿ, ಕೆಳಗೆ ನಾಲ್ಕು ಜನ ಬರಿಗಾಲಲ್ಲಿ. ಬಾಬಾಸಾಹೇಬರ ಚಿತ್ರ ಇದೆ ಅಂತ ಕರೆಂಟು ಬಿಡೋದಿಲ್ಲ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿತ್ತು. ಹೊಗೆ ಮಹಡಿಗಳಿಗೆ ಏರಿತು. ಪಾರಾಗುವ ಬಾಗಿಲುಗಳಿಗೆ ಬೀಗ ಇತ್ತು. ಕೆಲವರು ಕಿಟಕಿಯಿಂದ ಜಿಗಿದರು. 9 ಜನ ಸತ್ತರು. ಅದು ದೊಡ್ಡ ದೊಡ್ಡ ಕಂಪನಿಗಳಿದ್ದ ಕಟ್ಟಡ. ಕೇಸಿನ ಮೂಲ ಬೀಗದಲ್ಲಿತ್ತು, ದುಡ್ಡಿನ ಕೊರತೆಯಲ್ಲಿ ಅಲ್ಲ. ನಮ್ಮ ಭವನಗಳ ಹಿಂದಿನ ಬಾಗಿಲಿನ ಪರಿಸ್ಥಿತಿ ಏನು? ಎಷ್ಟೋ ಕಡೆ ಅದಕ್ಕೆ ಬೀಗ, ಬೀಗದ ಕೈ ಯಾರ ಹತ್ತಿರ ಅಂತ ಗೊತ್ತಿಲ್ಲ, ಬಾಗಿಲಿಗೆ ಅಡ್ಡ ನೂರು ಪ್ಲಾಸ್ಟಿಕ್ ಖುರ್ಚಿ. ಇನ್ನೂರು ಜನ ಕೂತ ಸಭೆಯಲ್ಲಿ ಹೊಗೆ ಎದ್ದರೆ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಬೇಕು.

ಇನ್ನು ಸಂಡಾಸದ ಗುಂಡಿ. ಇದನ್ನ ಬರೆಯುವಾಗ ನನಗೆ ನಿಜವಾಗಿ ಸಂಕಟ ಆಗ್ತದೆ. ಮಲ ಹೊರುವ ಪದ್ಧತಿ ನಿಲ್ಲಬೇಕು ಅಂತ 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಆದೇಶ ಮಾಡಿದರು. ಪೌರಕಾರ್ಮಿಕರ ಬದುಕಿನ ಬಗ್ಗೆ ಐ.ಪಿ.ಡಿ. ಸಾಲಪ್ಪನವರ ವರದಿ 1976ರಲ್ಲಿ ಬಂತು. ಅಷ್ಟೆಲ್ಲ ಆದ ಮೇಲೂ, 2010ರ ಜುಲೈನಲ್ಲಿ, ನಮ್ಮ ಮುಂಡಗೋಡದಿಂದ ಬಂಕಾಪುರ ದಾಟಿದರೆ ಸಿಗುವ ಸವಣೂರಿನಲ್ಲಿ ಭಂಗಿ ಸಮುದಾಯದವರು ತಾವಿದ್ದ ಜಾಗದಿಂದ ಎಬ್ಬಿಸ್ತಾರೆ ಅಂತ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯ್ತು. ರಾಜ್ಯ ತಲೆ ತಗ್ಗಿಸಿತು. ನಾವೂ ಬೀದಿಗಿಳಿದು ಘೋಷಣೆ ಕೂಗಿದೆವು.

2013ರ ಕಾಯ್ದೆ ಸ್ಪಷ್ಟ ಇದೆ. ರಕ್ಷಣಾ ಸಾಮಗ್ರಿ ಇಲ್ಲದೆ ಯಾವ ವ್ಯಕ್ತಿಯೂ, ಯಾವ ಸಂಸ್ಥೆಯೂ ಒಬ್ಬರನ್ನ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವ ಹಾಗಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನ 30 ಲಕ್ಷ ಮಾಡಿತು. ಈ ತೀರ್ಪುಗಳನ್ನ ನಾವು ಭಾಷಣದಲ್ಲಿ ಉದಾಹರಿಸ್ತೀವಿ. ಅದೇ ಭವನದ ಗುಂಡಿ ತುಂಬಿದಾಗ "ಆ ಓಣಿಯಾಗ ಒಬ್ಬಾಂವ ಅದಾನ, ಕರಸ್ರಿ, ಒಂದು ಐನೂರು ಕೊಟ್ಟರ ಮುಗೀತು" ಅನ್ನುವ ಮಾತು ನಮ್ಮವರ ಬಾಯಲ್ಲೇ ಬಂದರೆ ಏನು ಮಾಡಬೇಕು? ನೆನಪಿಡಿ, ಈ ಕಾಯ್ದೆ 'ಸಂಘಟನೆ ಒಳ್ಳೇದು' ಅಂತ ವಿನಾಯಿತಿ ಕೊಡೋದಿಲ್ಲ.

ಗುಂಡಿಯೊಳಗಿನ ಗ್ಯಾಸಿನ ಬಗ್ಗೆ ಒಂದು ಮಾತು, ಯಾಕಂದ್ರೆ ಬಹಳ ಜನಕ್ಕೆ ಗೊತ್ತಿಲ್ಲ. ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆ ವಾಸನೆ ಬರ್ತದೆ. ಜಾಸ್ತಿ ಆದರೆ ಮೂಗು ಆ ವಾಸನೆಯನ್ನೇ ಹಿಡಿಯೋದಿಲ್ಲ. 'ವಾಸನೆ ಇಲ್ಲ, ಇಳಿಯಬಹುದು' ಅಂತ ಇಳಿದವನು ಕುಸೀತಾನೆ. ಅವನನ್ನ ಎತ್ತೋಕೆ ಇಳಿದ ಅಣ್ಣನೋ ತಮ್ಮನೋ ಅಲ್ಲೇ ಸಾಯ್ತಾನೆ. ಅದಕ್ಕೇ ಒಂದೇ ಗುಂಡಿಯಲ್ಲಿ ಇಬ್ಬರು, ಮೂವರು ಸತ್ತ ಸುದ್ದಿ ಬರೋದು. ಸಕ್ಕಿಂಗ್ ಮಶೀನ್ ಗಾಡಿ ಬಿಟ್ಟರೆ ಬೇರೆ ದಾರಿ ಇಲ್ಲ. ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಡಿ, 14420 ಸಹಾಯವಾಣಿಗೆ ಫೋನ್ ಮಾಡಿ. ಗಾಡಿ ಬರೋ ತನಕ ಭವನದ ಸಂಡಾಸಕ್ಕೆ ಬೀಗ ಹಾಕಿ.

ಇದನ್ನೆಲ್ಲ ಒಂದು ಸಭೆಯಲ್ಲಿ ಹೇಳಿದಾಗ ಒಬ್ಬ ಹಿರಿಯರು ಎದ್ದು ನಿಂತರು. ನಾನು ಗೌರವಿಸುವ ಹಿರಿಯರು, ಚಳವಳಿಗೆ ಅರ್ಧ ಆಯುಷ್ಯ ಕೊಟ್ಟವರು. "ತಮ್ಮಾ, ನಮ್ಮಪ್ಪನ ಕೈಯಾಗಿನ ಕಸಬರಿಗಿ ಬಿಡಸಾಕ ನಾವು ಇಷ್ಟು ವರ್ಷ ಬಡದಾಡೀವಿ. ನೀ ಈಗ ಮತ್ತ ಅದನ್ನ ಕೈಯಾಗ ಕೊಡಾಕ ಬಂದೀಯೇನು?" ಅಂದರು. ಸಭೆ ಚಪ್ಪಾಳೆ ತಟ್ಟಿತು.

ಆ ಮಾತಿನ ಹಿಂದಿನ ನೋವು ನನಗೆ ಅರ್ಥ ಆಗ್ತದೆ. ಗುಡಿಸೋದು ಪುಣ್ಯದ ಕೆಲಸ, ಸೇವೆ, ಅಂತ ಹೊಗಳಿ ನಮ್ಮನ್ನ ಅಲ್ಲೇ ಕೂರಿಸಿದ ಗಾಂಧಿವಾದಿ ಮಾತನ್ನ ಬಾಬಾಸಾಹೇಬರು ಒಪ್ಪಲಿಲ್ಲ. ನಾನೂ ಒಪ್ಪೋದಿಲ್ಲ. ಕಸ ಹೊಡೆಯೋದರಲ್ಲಿ ಯಾವ ಪುಣ್ಯವೂ ಇಲ್ಲ, ಯಾವ ಹೊಲಸೂ ಇಲ್ಲ. ಅದು ಒಂದು ಕೆಲಸ, ಬಳಸಿದವರೆಲ್ಲ ಮಾಡಬೇಕಾದ ಕೆಲಸ. ಆದರೆ ಹಿರಿಯರೇ, ನಮ್ಮ ಕೈಯಿಂದ ಬಿದ್ದ ಕಸಬರಿಗೆ ನೆಲದ ಮೇಲೆ ಉಳಿಯಲಿಲ್ಲ. ಅದನ್ನ ನಮ್ಮ ಹೆಣ್ಣುಮಕ್ಕಳು ಎತ್ತಿಕೊಂಡರು. ನಮಗಿಂತ ಕೆಳಗೆ ಅಂತ ನಾವೇ ಅಂದುಕೊಂಡ ಇನ್ನೊಂದು ಜಾತಿಯ ಅಕ್ಕ ಎತ್ತಿಕೊಂಡಳು. ಅವರ ಕೈಯಿಂದಲೂ ಬಿಡಿಸಬೇಕು ಅಂದರೆ ಎಲ್ಲರೂ ಪಾಳಿ ಪ್ರಕಾರ ಹಿಡಿಯಬೇಕು. ಅದನ್ನ ಬಿಟ್ಟು ನನಗೆ ಬೇರೆ ಉಪಾಯ ತಿಳಿದಿಲ್ಲ.

ಇನ್ನೊಂದು ಮಾತೂ ಬರ್ತದೆ. "ಭೂಮಿ ಹೋರಾಟ ಐತಿ, ದೌರ್ಜನ್ಯದ ಕೇಸು ಅದಾವು, ಒಳಮೀಸಲಾತಿ ಗದ್ದಲ ಐತಿ, ಇಂಥಾದ್ರಾಗ ಕಸದ ಮಾತು ಯಾಕ?" ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ದೇಶ ಸ್ವಾತಂತ್ರ್ಯದ ಮಾತಾಡ್ತಿದ್ದ ಆ ಹೊತ್ತಲ್ಲಿ ಅವರು ಕಾರ್ಖಾನೆ ಕೆಲಸಗಾರರ ದುಡಿಮೆಯ ತಾಸು, ಸಂಬಳದ ರಜೆಯ ಬಗ್ಗೆ ಕೂತು ಕಾನೂನು ಬರೆಸಿದರು. ಸಂವಿಧಾನದ 42ನೇ ವಿಧಿ ಕೆಲಸದ ಜಾಗ ನ್ಯಾಯವಾಗಿ, ಮಾನವೀಯವಾಗಿ ಇರಬೇಕು ಅಂತ ಹೇಳ್ತದೆ. ಸರ್ಕಾರದಿಂದ ಅದನ್ನ ಕೇಳುವ ನಾವು ನಮ್ಮ ಕೋಣೆಯಲ್ಲಿ ಮೊದಲು ಮಾಡಿ ತೋರಿಸಬೇಕಲ್ಲ?

ಮತ್ತೆ, ಕಾರ್ಯಕರ್ತರಿಗೆ ಏನಾದರೂ ಆದರೆ ಹಿಂದೆ ಯಾರಿದ್ದಾರೆ? ಕಾರ್ಖಾನೆಯವರಿಗೆ ಇಎಸ್ಐ ಇದೆ. ನಮಗೆ ಸಂಬಳ ಇಲ್ಲ, ಇಎಸ್ಐ ಇಲ್ಲ, ಪಿಎಫ್ ಇಲ್ಲ. ಬ್ಯಾನರ್ ಕಟ್ಟುವಾಗ ಬಿದ್ದು ಸೊಂಟ ಮುರಿದ ಹುಡುಗನ ಮನೆಗೆ ನಾವು ಪಟ್ಟಿ ಎತ್ತಿ ಐದು ಸಾವಿರ ಕೊಟ್ಟು ಫೋಟೋ ಹಾಕ್ತೀವಿ. ಅವನು ಕೂಲಿಗೆ ಹೋಗದ ಆರು ತಿಂಗಳು ಅವನ ಅವ್ವನ ತಲೆ ಮೇಲೆ. ನಮ್ಮ ಹೋರಾಟಕ್ಕೆ ಇರೋ ಬಂಡವಾಳ ಈ ಹುಡುಗರ ಮೈ ಮತ್ತು ಆ ಕಪಾಟಿನ ಕಾಗದ. ಎರಡನ್ನೂ ಕಾಪಾಡೋದು ಹೋರಾಟದ ಕೆಲಸವೇ.

ಏನು ಮಾಡಬಹುದು ಅಂತ ನನಗೆ ತಿಳಿದದ್ದು ಬರೀತೀನಿ. ಬಹಳಷ್ಟಕ್ಕೆ ದುಡ್ಡು ಬೇಡ.

1. ಪಾಳಿ ಪಟ್ಟಿ. ಗೋಡೆಗೆ ಹಚ್ಚಿ. ಮೊದಲ ವಾರ ಅಧ್ಯಕ್ಷರು, ಎರಡನೇ ವಾರ ಕಾರ್ಯದರ್ಶಿ, ಆಮೇಲೆ ಉಳಿದವರು. ಗಂಡಸರ ಹೆಸರು ಬಿಟ್ಟುಹೋಗಬಾರದು. ಸಂಡಾಸ ತೊಳೆಯೋದೂ ಅದೇ ಪಾಳಿಯಲ್ಲಿ ಬರಬೇಕು.

2. ವಹಿ. ನಾನು ಹೊಟ್ಟೆಪಾಡಿಗೆ ಗುಮಾಸ್ತ. ಕಚೇರಿಯಲ್ಲಿ ಆವಕ ವಹಿಯಲ್ಲಿ ನಂಬರು ಬೀಳದ ಅರ್ಜಿ ಬಂದೇ ಇಲ್ಲ ಅಂತ ಅರ್ಥ. ಕಸ ಹೊಡೆದವರು ಕಂಡದ್ದನ್ನ ದಿನಾಂಕ ಹಾಕಿ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೀಬೇಕು. ಬರೆಯೋಕೆ ಬರದವರು ಹೇಳಲಿ, ಇನ್ನೊಬ್ಬರು ಬರೀಲಿ. ತಿಂಗಳ ಸಭೆಯಲ್ಲಿ ಮೊದಲ ವಿಷಯ ಇದೇ ಆಗಬೇಕು, ಸರಿ ಮಾಡಿದ ದಿನಾಂಕ ಎದುರಿಗೆ ಬೀಳಬೇಕು.

3. ಕರೆಂಟು. ಎಂಸಿಬಿ ವೈರನ್ನ ಕಾಯ್ತದೆ, ಮನುಷ್ಯನನ್ನ ಕಾಯೋದು ಆರ್‌ಸಿಸಿಬಿ. 30 ಮಿಲಿ ಆಂಪಿಯರ್‌ದು ಒಂದು ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಅರ್ಥಿಂಗ್ ಇದೆಯೋ ಇಲ್ಲವೋ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಕೆಟಲ್ಲು, ಇಸ್ತ್ರಿ ಎಕ್ಸ್‌ಟೆನ್ಶನ್ ಬಾಕ್ಸಿಗೆ ಬೇಡ. ಹಂಚು ಸೋರಿ ಬೋರ್ಡಿಗೆ ನೀರು ಇಳೀತಿದ್ದರೆ ಮಳೆಗಾಲಕ್ಕೆ ಮೊದಲೇ ಹಂಚು ತಿರುವಿ ಹಾಕಿಸಿ.

4. ಬ್ಯಾನರು, ಕಟೌಟು. ತಂತಿ ಕೆಳಗೆ ನಿಲ್ಲಿಸಲೇಬಾರದು. ರಾತ್ರಿ ಕೆಲಸ ಬೇಡ, ಕುಡಿದವರು ಏಣಿ ಹತ್ತೋದು ಬೇಡ. ತಂತಿ ಹತ್ತಿರ ಅನಿವಾರ್ಯ ಅನ್ನಿಸಿದರೆ ಮೊದಲೇ ಹೆಸ್ಕಾಂ ಕಚೇರಿಗೆ ಪತ್ರ ಕೊಟ್ಟು ಲೈನ್ ಬಂದ್ ಮಾಡಿಸಿ, 1912 ನಂಬರು ಫೋನಿನಲ್ಲಿ ಇರಲಿ. ಕರೆಂಟು ಹಿಡಿದವರನ್ನ ಬರಿಗೈಲಿ ಎಳೀಬೇಡಿ, ಮೊದಲು ಮೇನ್ ಆಫ್.

5. ಬೆಂಕಿ. ಬಾಗಿಲ ಹತ್ತಿರ ಎರಡು ಬಕೆಟ್ ಉಸುಕು. ದುಡ್ಡಿದ್ದರೆ ಐಎಸ್ಐ ಗುರುತಿನ ಎಬಿಸಿ ಪೌಡರ್ ಸಿಲಿಂಡರು, ಅದರ ಮುಳ್ಳು ಹಸಿರಿನಲ್ಲಿ ಇದೆಯಾ ಅಂತ ನೋಡ್ತಾ ಇರಬೇಕು. ಕರೆಂಟಿನ ಬೆಂಕಿಗೆ ನೀರು ಹಾಕಬೇಡಿ. ಸಭೆ ಶುರು ಆಗೋ ಮೊದಲು ಹಿಂದಿನ ಬಾಗಿಲು ತೆಗೆದಿಡಿ. ಜನರೇಟರ್ ಪೆಟ್ರೋಲು ಒಳಗೆ ಇಡಬೇಡಿ.

6. ಕಾಗದ. ಮೂಲ ದಾಖಲೆ ಅರ್ಜಿದಾರರಿಗೇ ವಾಪಸ್ ಕೊಡಿ, ನಕಲು ಇಟ್ಟುಕೊಳ್ಳಿ, ಮೊಬೈಲಿನಲ್ಲಿ ಫೋಟೋ ತೆಗೆದು ಎರಡು ಕಡೆ ಇಡಿ. ಕಟ್ಟಿಗೆ ಕಪಾಟಿಗಿಂತ ಕಬ್ಬಿಣದ್ದು ಒಳ್ಳೇದು, ಗೋಡೆಗೆ ತಾಗಿಸದೆ ಇಡಿ.

7. ತೊಳೆಯೋ ಸಾಮಾನು. ಬ್ಲೀಚಿಂಗ್ ಪೌಡರು, ಆಸಿಡ್ಡು ಒಟ್ಟಿಗೆ ಸುರಿದರೆ ಕ್ಲೋರಿನ್ ಗ್ಯಾಸ್ ಏಳ್ತದೆ, ಸಣ್ಣ ಸಂಡಾಸದೊಳಗೆ ಉಸಿರು ಕಟ್ತದೆ. ಆಸಿಡ್ ನೀರಿನ ಬಾಟಲಿಯಲ್ಲಿ ಇಡಬೇಡಿ, ಮಕ್ಕಳು ಕುಡಿದಾರು. ಕೈಗವಸು ಪಾಳಿಯವರಿಗೆಲ್ಲ ಇರಲಿ.

8. ಹೆಣ್ಣುಮಕ್ಕಳ ಸಂಡಾಸಕ್ಕೆ ಒಳಗಿನ ಚಿಲಕ, ಒಳಗೂ ಹೊರಗೂ ಲೈಟು, ಮುಚ್ಚಳ ಇರುವ ಕಸದ ಬುಟ್ಟಿ. 'ಮಹಿಳೆಯರು ಸಭೆಗೆ ಬರೋದಿಲ್ಲ' ಅಂತ ಗೋಳಾಡೋಕೆ ಮೊದಲು ಇದನ್ನ ನೋಡಿ.

9. ಹಾವು ಕಚ್ಚಿದರೆ ಕೊಯ್ಯೋದು, ಕಟ್ಟೋದು ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ, ನೇರ ತಾಲೂಕು ಆಸ್ಪತ್ರೆಗೆ.

10. ವಿಮೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವಯಸ್ಸಿನವರಿಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಯೋಜನೆಯ ಹೆಸರಿನ ರಾಜಕೀಯ ಬದಿಗಿಡಿ, ದುಡ್ಡು ಜನರದ್ದು. ಪ್ರತಿ ಕಾರ್ಯಕರ್ತರ ಖಾತೆಯಲ್ಲಿ ಇದು ಚಾಲೂ ಇದೆಯಾ ಅಂತ ಘಟಕದ ಕಾರ್ಯದರ್ಶಿ ನೋಡಬೇಕು.

ದೊಡ್ಡ ಕಾರ್ಯಕ್ರಮಕ್ಕೆ ಹೊರಗಿನವರನ್ನ ಕರೀಲೇಬೇಕು ಅಂದರೆ ಕರೀರಿ. ಆದರೆ ಕೂಲಿ ಮೊದಲೇ ಮಾತಾಡಿ ಪೂರ್ತಿ ಕೊಡಿ. ಕೈಗವಸು, ಬೂಟು ಕೊಡಿ. ನಾವು ಕುಡಿಯುವ ಕಪ್ಪಿನಲ್ಲೇ ಚಹಾ ಕೊಡಿ, ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ. 'ಏ ಬಾರಬೇ' ಅನ್ನೋ ಬದಲು 'ಅಕ್ಕಾರ, ಬರ್ರಿ' ಅನ್ನಿ. ಖರ್ಚಿನ ಪುಸ್ತಕದಲ್ಲಿ 'ಇತರೆ' ಅಂತ ಬರೆಯದೆ ಅವರ ಹೆಸರು, ಕೊಟ್ಟ ಕೂಲಿ ಬರೀರಿ.

ಬಾಗಿಲು ಗುಡಿಸದ ಸಂಘಟನೆ ಕ್ರಾಂತಿ ಮಾಡೋದಿಲ್ಲ ಅಂತ ನಾನು ಹೇಳ್ತಾ ಇಲ್ಲ. ಅಷ್ಟು ದೊಡ್ಡ ಮಾತು ನನಗೆ ಬರೋದಿಲ್ಲ. ನಮ್ಮಲ್ಲಿ ಯಾರ ಮಾತಿಗೆ ಬೆಲೆ ಇದೆ ಅನ್ನೋದು ಯಾರ ಕೈಯಲ್ಲಿ ಕಸಬರಿಗೆ ಇದೆ ಅನ್ನೋದರಿಂದ ತೀರ್ಮಾನ ಆಗ್ತಾ ಇದೆ, ಅದು ನಿಲ್ಲಲಿ ಅಂತ ಮಾತ್ರ ಕೇಳ್ತಿದ್ದೀನಿ.

ಈ ಪೋಸ್ಟಿಗೆ ಲೈಕು, ನೀಲಿ ಹೃದಯ ಬೇಡ. ಈ ವಾರ ನಿಮ್ಮ ಕಚೇರಿಯ ಕಸ ಹೊಡೆದವರ ಹೆಸರು ಕೆಳಗೆ ಬರೀರಿ, ಅವರು ಒಪ್ಪಿದರೆ ಮಾತ್ರ. ಅವರು ಏನು ಕಂಡರು, ನೀವು ಏನು ಸರಿ ಮಾಡಿಸಿದಿರಿ, ಅದನ್ನೂ ಬರೀರಿ. ಮಳೆ ಹತ್ತಿರ ಬಂತು. ಬರುವ ಶನಿವಾರವೇ ಶುರು ಮಾಡಿ.

ಜೈ ಭೀಮ್.